ಕಬ್ಬಿನ ಗದ್ದೆಯಲ್ಲಿ ಚಿರತೆ ಮರಿ ಹಾಕಿದೆ: ಬೋನು ಇಡಿಸುವುದೋ, ಬಿಡುವುದೋ?

ನಾಲೆಬಯಲು (ಪಾಂಡವಪುರ) – ಬೆಳಿಗ್ಗೆ 6.50

ಎಲ್ಲರಿಗೂ ನಮಸ್ಕಾರ. ನಮ್ಮದು ಪಾಂಡವಪುರ ತಾಲ್ಲೂಕಿನಲ್ಲಿ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಕೆಳಗಿನ ಊರು. ಒಂದೂವರೆ ಎಕರೆ ಕೂಳೆ ಕಬ್ಬಿಗೆ ಹದಿಮೂರು ತಿಂಗಳು ತುಂಬಿದ ಮೇಲೆ, ಅಲೆದು ಅಲೆದು, ಈ ವಾರ ಸಕ್ಕರೆ ಕಾರ್ಖಾನೆಯಿಂದ ಕಟಾವಿಗೆ ಪರ್ಮಿಟ್ ಸಿಕ್ಕಿತು. ಬಳ್ಳಾರಿ ಕಡೆಯಿಂದ ಬಂದ ಗ್ಯಾಂಗಿನವರು ಮೊನ್ನೆಯಿಂದ ಕಡಿಯುತ್ತಿದ್ದಾರೆ. ನಿನ್ನೆ ಹಗಲು ಹನ್ನೊಂದರ ಸುಮಾರಿಗೆ ಅವರಲ್ಲೊಬ್ಬ ಹೆಂಗಸು ಮಚ್ಚನ್ನು ಕೆಳಗೆ ಹಾಕಿ, "ಅಣ್ಣಾ, ಇಲ್ಲಿ ಬೆಕ್ಕಿನ ಮರಿ ಕೂಗ್ತಾವ" ಎಂದು ಕರೆದರು. ಹೋಗಿ ಸೋಗೆ ಸರಿಸಿ ನೋಡಿದರೆ ಮೂರು ಮರಿಗಳಿದ್ದವು. ಎರಡು ಕಣ್ಣು ತೆರೆದಿದ್ದವು, ನೀಲಿ ಕಣ್ಣುಗಳು. ಮೂರನೆಯದರ ಕಣ್ಣು ಇನ್ನೂ ಅಂಟಿಕೊಂಡೇ ಇತ್ತು. ಮೈಮೇಲೆ ಮಸಿ ಮೆತ್ತಿದಂಥ ಚುಕ್ಕೆಗಳು.

ಅರ್ಧ ಗಂಟೆಯಲ್ಲಿ ಊರಿಗೆ ಊರೇ ಬದುವಿನ ಮೇಲೆ ನಿಂತಿತ್ತು. ಅರಣ್ಯ ಇಲಾಖೆಯ ಗಾರ್ಡ್ ಬಂದು ಎಲ್ಲರನ್ನೂ ಹಿಂದಕ್ಕೆ ಕಳುಹಿಸಿ, ಕಡಿಯದೆ ಉಳಿದಿರುವ ಹನ್ನೆರಡು ಗುಂಟೆಯನ್ನು ಸದ್ಯಕ್ಕೆ ಮುಟ್ಟಬಾರದೆಂದು ಹೇಳಿದ್ದಾರೆ. ರಾತ್ರಿ ಅರಳೀಕಟ್ಟೆಯಲ್ಲಿ ಸೇರಿದಾಗ ಊರು ಎರಡಾಯಿತು. ಹೋದ ತಿಂಗಳು ಒಂದು ಕರುವೂ ಎರಡು ನಾಯಿಗಳೂ ಹೋಗಿವೆ. ಆದ್ದರಿಂದ ತಾಯಿ ಹೇಗೂ ಮರಿಗಳಿಗಾಗಿ ಬರುತ್ತದೆ, ಅಲ್ಲೇ ಬೋನು ಇಟ್ಟು ಹಿಡಿಸೋಣ ಎಂದು ಅರ್ಧ ಜನ ಹೇಳುತ್ತಾರೆ. ಉಳಿದವರು, ಬಿಡಿ, ಮರಿ ಕಚ್ಚಿಕೊಂಡು ತಾನೇ ಹೋಗುತ್ತದೆ ಎನ್ನುತ್ತಾರೆ. ಗದ್ದೆ ನನ್ನದಾದ್ದರಿಂದ ಅರ್ಜಿಗೆ ನಾನೇ ಸಹಿ ಹಾಕಬೇಕಂತೆ. ಅನುಭವ ಇರುವವರು ದಯವಿಟ್ಟು ಹೇಳಿ, ಏನು ಮಾಡಲಿ?

ಗೋಡಾಕ್ಟರು (ನಾಗಮಂಗಲ) – 7.15

ಫೋಟೊ ಇದ್ದರೆ ಮೊದಲು ಗಾರ್ಡಿಗೆ ಮಾತ್ರ ತೋರಿಸಿ, ಇಲ್ಲಿ ಹಾಕಬೇಡಿ. ಕಾಡುಬೆಕ್ಕಿನ ಮರಿಗಳನ್ನು ಚಿರತೆಯ ಮರಿಗಳೆಂದು ಬುಟ್ಟಿಯಲ್ಲಿ ಹೊತ್ತು ತಂದವರನ್ನು ನನ್ನ ಸೇವಾವಧಿಯಲ್ಲಿ ಸಾಕಷ್ಟು ನೋಡಿದ್ದೇನೆ. ಆದರೆ ನೀವು ಹೇಳುವ ಚುಕ್ಕೆಗಳ ವಿವರ ನೋಡಿದರೆ ಇವು ಚಿರತೆಯವೇ ಇರಬೇಕು. ಕಾಡುಬೆಕ್ಕಿನ ಮರಿಗಳಿಗೆ ಅಂಥ ದಟ್ಟ ಚುಕ್ಕೆಗಳಿರುವುದಿಲ್ಲ. ಕಣ್ಣು ಈಗಷ್ಟೇ ತೆರೆಯುತ್ತಿವೆ ಎಂದರೆ ವಾರ, ಹತ್ತು ದಿನದ ಮರಿಗಳು. ಯಾರೂ ಹಾಲು ಕುಡಿಸಲು ಹೋಗಬಾರದು. ಹಸುವಿನ ಹಾಲು ಅವಕ್ಕೆ ಒಗ್ಗುವುದಿಲ್ಲ.

ಬಂಡೂರು ಕುರಿ (ಮಳವಳ್ಳಿ) – 7.40

ಬೋನು ಇಡಿಸಿ ಸ್ವಾಮಿ, ಇದರಲ್ಲಿ ಕೇಳುವುದಕ್ಕೇನಿದೆ? ಎರಡು ವರ್ಷದ ಹಿಂದೆ ನನ್ನ ಕೊಟ್ಟಿಗೆಗೆ ನುಗ್ಗಿ ಒಂದೇ ರಾತ್ರಿ ನಾಲ್ಕು ಕುರಿ ಕೊಂದಿತು. ತಿಂದದ್ದು ಒಂದನ್ನು, ಅದನ್ನೂ ಪೂರ್ತಿ ತಿನ್ನಲಿಲ್ಲ. ಎಲ್ಲವೂ ಅಪ್ಪಟ ಬಂಡೂರು ತಳಿ. ಬಕ್ರೀದಿಗೆಂದು ಸಾಕಿದ ಟಗರಿಗೆ ಸಂತೆಯಲ್ಲಿ ಏನು ಬೆಲೆಯಿದೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಪರಿಹಾರ ಬರೆಯುವವರಿಗೆ ಮಾತ್ರ ಬಂಡೂರೂ ಒಂದೇ, ಬೀದಿಯ ಕುರಿಯೂ ಒಂದೇ. ಆ ಹಣ ಬರುವ ಹೊತ್ತಿಗೆ ಉಳಿದಿದ್ದ ಕುರಿಗಳೂ ಮರಿ ಹಾಕಿ ಮುಗಿಸಿದ್ದವು. ಚಿರತೆ ನಮ್ಮ ಹೆಮ್ಮೆ ಎಂದು ಬರೆಯುವವರು ಒಂದು ರಾತ್ರಿ ನಮ್ಮ ಕೊಟ್ಟಿಗೆಯ ಮುಂದೆ ಚಾಪೆ ಹಾಸಿ ಮಲಗಲಿ, ಆಮೇಲೆ ಮಾತಾಡೋಣ.

ಹೆಬ್ಬಾಳ ಲ್ಯಾಪ್‌ಟಾಪ್ (ಮೈಸೂರು) – 8.05

ನಮಗಂತೂ ಚಿರತೆಯಿಂದ ಉಪಕಾರವೇ ಆಯಿತು. 2024ರ ಡಿಸೆಂಬರ್ 31ರಂದು ಇನ್ಫೋಸಿಸ್ ಆವರಣದಲ್ಲಿ ಕಾಣಿಸಿಕೊಂಡು ಸಾವಿರಾರು ಜನರನ್ನು ಮನೆಯಿಂದಲೇ ಕೆಲಸ ಮಾಡುವಂತೆ ಮಾಡಿತು.

ಬಂಡೂರು ಕುರಿ (ಮಳವಳ್ಳಿ) – 8.09

ನಿಮಗೆ ರಜೆಯ ಹಾಗೆ, ನಮಗೆ ಸೂತಕದ ಹಾಗೆ. ವ್ಯತ್ಯಾಸ ಇಷ್ಟೇ.

ಕೂಲಿಮಠದ ಮೇಷ್ಟ್ರು (ಶ್ರೀರಂಗಪಟ್ಟಣ) – 8.45

ಚಿರತೆ "ಮರಳಿ ಬಂತು" ಎಂಬ ಮಾತನ್ನು ಈಚೆಗೆ ಪತ್ರಿಕೆಗಳಲ್ಲಿ ದಿನವೂ ಓದುತ್ತಿದ್ದೇನೆ. ಅದು ಎಲ್ಲಿಗೆ ಹೋಗಿತ್ತು ಎಂದು ಕೇಳಬೇಕೆನಿಸುತ್ತದೆ. ಕನ್ನಂಬಾಡಿ ಕಟ್ಟೆಯಿಂದ ನೀರು ಹರಿಯುವುದಕ್ಕೆ ಮೊದಲು ಮಂಡ್ಯದ ಈ ಬಯಲು ರಾಗಿ, ಹುರುಳಿಯ ಒಣ ನೆಲವಾಗಿತ್ತು. ನಡುನಡುವೆ ಕಲ್ಲುಬೆಟ್ಟ, ಕುರುಚಲು, ಗೋಮಾಳ. ಆಗ ಇರ್ವಿನ್ ನಾಲೆ ಎಂದು ಕರೆಯುತ್ತಿದ್ದ ಇಂದಿನ ವಿ.ಸಿ. ನಾಲೆ 1930ರ ದಶಕದ ಆರಂಭದಲ್ಲಿ ಬಂತು, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂತು, ಗದ್ದೆಗಳಲ್ಲಿ ಕಬ್ಬು ನಿಂತಿತು. ಕರೀಘಟ್ಟದಲ್ಲೋ ಕುಂತಿಬೆಟ್ಟದಲ್ಲೋ ಬಂಡೆಗಳ ಸಂದಿಯಲ್ಲಿ ಮರಿ ಹಾಕಬೇಕಾದ ಪ್ರಾಣಿಗೆ ನಾವೇ ಆಳೆತ್ತರದ, ನೆರಳಿರುವ, ನೀರು ಪಕ್ಕದಲ್ಲೇ ಇರುವ, ಬೆಳೆ ಎತ್ತರವಾದ ಮೇಲೆ ಕಟಾವಿನವರೆಗೆ ಮನುಷ್ಯರು ಹೆಚ್ಚಾಗಿ ಒಳಗೆ ಕಾಲಿಡದ ಜಾಗವನ್ನು ಎಕರೆಗಟ್ಟಲೆ ಬೆಳೆಸಿಕೊಟ್ಟೆವು. ಅತ್ತ ಎಷ್ಟೋ ಕಲ್ಲುಬೆಟ್ಟಗಳನ್ನು ಜಲ್ಲಿಗಾಗಿ ಒಡೆದೆವು. ಕಬ್ಬಿನ ಗದ್ದೆಯಲ್ಲಿ ಹುಟ್ಟಿ ಬೆಳೆದ ಚಿರತೆಗೆ ಕಬ್ಬೇ ಕಾಡು. ಅದು ಕಾಡಿನಿಂದ ದಾರಿ ತಪ್ಪಿ ಬಂದ ಪ್ರಾಣಿಯಲ್ಲ; ಈ ಊರಿನದೇ.

ಇನ್ನೊಂದು ಮಾತು. ನನ್ನ ಅಜ್ಜಿ ಚಿರತೆ ಎಂದದ್ದನ್ನು ನಾನು ಕೇಳಿಯೇ ಇಲ್ಲ. "ಕಿರುಬ ಬಂದಿತ್ತು, ಕರು ಒಳಗೆ ಕಟ್ಟು" ಎನ್ನುತ್ತಿದ್ದಳು. ಆಡುಮಾತಿನಲ್ಲಿ ಹೆಸರೇ ಇದ್ದ ಪ್ರಾಣಿಯನ್ನು ಹೊಸದಾಗಿ ಬಂದದ್ದೆಂದು ಹೇಗೆ ಒಪ್ಪುವುದು?

ಗೋಡಾಕ್ಟರು (ನಾಗಮಂಗಲ) – 9.00

ಮೇಷ್ಟ್ರೇ, ಕಿರುಬ ಎಂದರೆ ಕತ್ತೆಕಿರುಬವಲ್ಲವೇ?

ಕೂಲಿಮಠದ ಮೇಷ್ಟ್ರು (ಶ್ರೀರಂಗಪಟ್ಟಣ) – 9.12

ಪುಸ್ತಕದಲ್ಲಿ ಹಾಗೆ. ನಮ್ಮ ಹಳ್ಳಿಯಲ್ಲಿ ಚಿರತೆಗೇ ಕಿರುಬ ಎನ್ನುತ್ತಾರೆ; ಆ ಇನ್ನೊಂದನ್ನು ಬೇರೆ ಮಾಡಿ ತೋರಿಸಬೇಕಾದಾಗ ಮಾತ್ರ ಹಿಂದೆ ಕತ್ತೆಯನ್ನು ಸೇರಿಸುತ್ತಾರೆ.

ರಿಂಗ್ ರಸ್ತೆ (ಮೈಸೂರು) – 9.30

ಮೇಷ್ಟ್ರ ಇತಿಹಾಸ ಚೆನ್ನಾಗಿದೆ, ಆದರೆ ಸಂಖ್ಯೆ ದುಪ್ಪಟ್ಟಾಗಿರುವುದನ್ನು ಮರೆಮಾಚಬಾರದು. ನಾಲ್ಕೈದು ವರ್ಷಗಳಲ್ಲಿ ಕರ್ನಾಟಕದಲ್ಲಿ ಚಿರತೆಗಳು ಎರಡರಷ್ಟಾಗಿವೆ ಎಂದು ಎಲ್ಲೆಡೆ ಹರಿದಾಡುತ್ತಿದೆ.

ಅಂಕಿಸಂಖ್ಯೆ (ಮೈಸೂರು) – 9.55

ಹರಿದಾಡುವುದೆಲ್ಲ ನಿಜವಾಗುವುದಿಲ್ಲ. ಕೇಂದ್ರದ ವರದಿಯ ಪ್ರಕಾರ 2018ರಲ್ಲಿ ರಾಜ್ಯದಲ್ಲಿದ್ದ ಚಿರತೆಗಳ ಅಂದಾಜು 1,783, 2022ರಲ್ಲಿ 1,879. ದುಪ್ಪಟ್ಟು ಎಲ್ಲಿ ಬಂತು? ಹೆಚ್ಚಾಗಿ ಏರಿದ್ದು ಹುಲಿಯ ಸಂಖ್ಯೆ: 2010ರಲ್ಲಿ 300, 2022ರಲ್ಲಿ 563. ನಿಮ್ಮ ಪರವಾಗಿಯೂ ಒಂದು ಮಾತು ಹೇಳಬೇಕು. ಚಿರತೆಗಳ ಆ ಎಣಿಕೆ ಮುಖ್ಯವಾಗಿ ಕಾಡುಗಳಲ್ಲಿ ನಡೆದದ್ದು. ನಾಲೆಬಯಲು ಅವರ ಗದ್ದೆಯಲ್ಲಿ ಮಲಗಿರುವ ತಾಯಿಯನ್ನು ಯಾವ ಲೆಕ್ಕದವರೂ ಎಣಿಸಿಲ್ಲ. ಆದ್ದರಿಂದ ಬಯಲಿನಲ್ಲಿ ಎಷ್ಟಿವೆ ಎಂದು ಆಣೆ ಮಾಡಿ ಹೇಳಲು ನಿಮಗೂ ಆಗುವುದಿಲ್ಲ, ನನಗೂ ಆಗುವುದಿಲ್ಲ.

ಬೆಟ್ಟದ ಪಾದ (ಲಲಿತಾದ್ರಿಪುರ) – 10.20

ನಮ್ಮ ಬಡಾವಣೆ ಚಾಮುಂಡಿ ಬೆಟ್ಟದ ಬುಡದಲ್ಲೇ ಇದೆ. ಹೋದ ವರ್ಷ ನಮ್ಮ ಸಿಸಿಟಿವಿಯಲ್ಲಿ ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ ಚಿರತೆಯೊಂದು ಕಾಂಪೌಂಡ್ ಗೋಡೆಯ ಮೇಲೆ ನಡೆದುಹೋದದ್ದು ಸಿಕ್ಕಿತು. ಗೋಡೆಯ ಮೇಲೆ ಚುಚ್ಚಿದ್ದ ಗಾಜಿನ ಚೂರುಗಳ ನಡುವೆ ಒಂದೊಂದೇ ಕಾಲನ್ನು ನೋಡಿ ನೋಡಿ ಇಟ್ಟು, ನಮ್ಮ ಕಾರಿನ ಮೇಲಿಳಿದು, ತುಳಸಿಕಟ್ಟೆಯ ಪಕ್ಕದಿಂದ ಹೊರಟುಹೋಯಿತು. ಆ ದೃಶ್ಯವನ್ನು ನೋಡುವವರೆಗೆ ನಮಗೆ ಏನೂ ಗೊತ್ತಿರಲಿಲ್ಲ. ಎಷ್ಟು ವರ್ಷಗಳಿಂದ ಹಾಗೆ ಓಡಾಡುತ್ತಿತ್ತೋ! ನೋಡಿದ ಮಾರನೆಯ ದಿನದಿಂದ ಮಾತ್ರ ಯಾರಿಗೂ ನಿದ್ದೆಯಿಲ್ಲ. ವಾಟ್ಸ್ಆ್ಯಪ್ ಗುಂಪಿನಲ್ಲಿ ದಿನಕ್ಕೊಂದು ಚಿರತೆ; ಅದರಲ್ಲಿ ಒಂದು ವಿಡಿಯೊ ಕೃತಕ ಬುದ್ಧಿಮತ್ತೆಯಲ್ಲಿ ಮಾಡಿದ್ದು, ಚಿರತೆಗೆ ಐದು ಕಾಲುಗಳಿದ್ದವು. ಅದನ್ನೂ ನಂಬಿ ಮಕ್ಕಳನ್ನು ಶಾಲೆಗೆ ಕಳುಹಿಸದವರಿದ್ದಾರೆ.

ರಿಂಗ್ ರಸ್ತೆ (ಮೈಸೂರು) – 10.32

ಅದನ್ನು ಹಿಡಿದು ಬಂಡೀಪುರಕ್ಕೋ ನಾಗರಹೊಳೆಗೋ ಬಿಟ್ಟರೆ ಎಲ್ಲರ ತಲೆನೋವೂ ತಪ್ಪುತ್ತದಲ್ಲ?

ಜಾಡು (ಹುಣಸೂರು) – 11.10

ತಪ್ಪುವುದಿಲ್ಲ, ತಲೆನೋವಿನ ವಿಳಾಸ ಮಾತ್ರ ಬದಲಾಗುತ್ತದೆ. ನಮ್ಮ ತಂದೆ ಅರಣ್ಯ ಇಲಾಖೆಯಲ್ಲಿ ವಾಚರ್ ಆಗಿದ್ದರು, ಬೋನು ಹೊತ್ತ ಲಾರಿಯ ಹಿಂದೆ ಎಷ್ಟೋ ಸಲ ಹೋದವರು. ಚಿರತೆಗೆ ತನ್ನದೇ ಆದ ಸರಹದ್ದು ಇರುತ್ತದೆ. ಒಂದನ್ನು ಎತ್ತಿದರೆ ಆ ಜಾಗ ಬಹಳ ದಿನ ಖಾಲಿ ಉಳಿಯುವುದಿಲ್ಲ, ಜಾಗ ಹುಡುಕುತ್ತಿರುವ ಎಳೆಯ ಚಿರತೆ ಬಂದು ಸೇರುತ್ತದೆ. ಎತ್ತಿಕೊಂಡು ಹೋದದ್ದು ಗೊತ್ತಿಲ್ಲದ ಕಾಡಿನಲ್ಲಿ, ಅಲ್ಲಿನ ಚಿರತೆ ಮತ್ತು ಹುಲಿಗಳ ನಡುವೆ ನಿಲ್ಲಲಾರದೆ, ಕಾಡಂಚಿನ ನಮ್ಮಂಥ ಊರುಗಳಿಗೆ ಬರುತ್ತದೆ, ಇಲ್ಲವೇ ಬಂದ ದಾರಿ ಹಿಡಿದು ಹಿಂದಕ್ಕೆ ಹೊರಡುತ್ತದೆ. ಮಹಾರಾಷ್ಟ್ರದ ಜುನ್ನರ್ ಕಡೆ ಇಪ್ಪತ್ತು ವರ್ಷಗಳ ಹಿಂದೆ ಹೀಗೆ ಹಿಡಿದು ಬೇರೆ ಕಡೆ ಬಿಡುವುದನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದರು. ಅಲ್ಲೂ ಕಬ್ಬೇ. ಮನುಷ್ಯರ ಮೇಲಿನ ದಾಳಿ ಕಡಿಮೆಯಾಗುವ ಬದಲು ಹೆಚ್ಚಿತು ಎಂದು ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಅವರ ಜೊತೆಗಾರರು ದಾಖಲಿಸಿದ್ದಾರೆ. ಕಂಡ ಕಂಡ ಚಿರತೆಗಳನ್ನೆಲ್ಲ ಹಿಡಿದು ಸಾಗಿಸಬಾರದೆಂದು ಕೇಂದ್ರ ಸರ್ಕಾರ 2011ರಲ್ಲೇ ಮಾರ್ಗಸೂಚಿ ಹೊರಡಿಸಿದೆ.

ನಾಲೆಬಯಲು ಅಣ್ಣ, ಕಾನೂನು ಕೂಡ ನೀವು ಸಹಿ ಹಾಕಿದ ಕೂಡಲೇ ಬೋನು ಬರುವಷ್ಟು ಸಲೀಸಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅತಿ ಹೆಚ್ಚಿನ ರಕ್ಷಣೆ ಇರುವ ಮೊದಲ ಅನುಸೂಚಿಯಲ್ಲಿ ಚಿರತೆ ಇದೆ. ಹಿಡಿಯಲು ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ತಾಯಿಯನ್ನು ಈಗ ಹಿಡಿದರೆ ಆ ಮೂರು ಮರಿಗಳ ಗತಿ ಏನು? ಬಾಟಲಿ ಹಾಲು ಕುಡಿದು ಬೆಳೆದ ಚಿರತೆಯನ್ನು ಮತ್ತೆ ಬಯಲಿಗೆ ಬಿಡುವ ಹಾಗಿಲ್ಲ. ಮೈಸೂರಿನ ಬಳಿಯ ಕೂರ್ಗಳ್ಳಿಯ ಪ್ರಾಣಿ ಪುನರ್ವಸತಿ ಕೇಂದ್ರದಂಥ ಕಡೆ ಕಂಬಿಗಳ ಹಿಂದೆ ಆಯುಷ್ಯವೆಲ್ಲ ಕಳೆಯಬೇಕು.

ಹೊಳೆಯಾಚೆ (ತಿ. ನರಸೀಪುರ) – 11.45

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಮಾರ್ಗಸೂಚಿ, ಸರಹದ್ದು ಎಲ್ಲವೂ ಸರಿ. ನಮ್ಮ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯೊಳಗೆ ಚಿರತೆ ದಾಳಿಗೆ ನಾಲ್ವರು ಸತ್ತರು. ಅವರಲ್ಲಿ ಕಾಲೇಜಿಗೆ ಹೋಗುವವರಿದ್ದರು, ಹನ್ನೊಂದು ವರ್ಷದ ಹುಡುಗನಿದ್ದ. ಆ ದಿನಗಳಲ್ಲಿ ಸಂಜೆ ಐದು ಗಂಟೆಗೆ ಊರಿನ ಬೀದಿಗಳು ಖಾಲಿಯಾಗುತ್ತಿದ್ದವು. ಹಿತ್ತಲಿನ ಬಚ್ಚಲಿಗೆ ಹೋಗಬೇಕಾದರೆ ನನ್ನ ತಾಯಿಗೆ ಒಬ್ಬರು ಟಾರ್ಚು, ಒಬ್ಬರು ದೊಣ್ಣೆ ಹಿಡಿದು ಜೊತೆಗೆ ನಿಲ್ಲಬೇಕಿತ್ತು. ಅವರು ಇವತ್ತಿಗೂ ಕತ್ತಲಾದ ಮೇಲೆ ನೀರು ಕುಡಿಯುವುದಿಲ್ಲ, ಎದ್ದು ಹೊರಗೆ ಹೋಗಬೇಕಾಗುತ್ತದೆಂದು. ಸಾವಿಗೆ ಕೊಡುವ ಪರಿಹಾರವನ್ನು ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದ್ದೂ, ಮೈಸೂರಿನಲ್ಲಿ ಚಿರತೆ ಕಾರ್ಯಪಡೆ ಹುಟ್ಟಿದ್ದೂ ಆ ಸುಮಾರಿನಲ್ಲಿ. ನಾಲ್ಕು ಹೆಣ ಬೀಳುವವರೆಗೆ ಕಾರ್ಯಪಡೆ ಯಾಕೆ ಇರಲಿಲ್ಲ?

ಅದಕ್ಕೇ ಹೇಳುತ್ತೇನೆ, ಕೊಟ್ಟಿಗೆಗೆ ಬರುವ ಚಿರತೆ ಬೇರೆ, ಮನುಷ್ಯರ ಮೇಲೆ ಬೀಳುವ ಚಿರತೆ ಬೇರೆ. ಎರಡನೆಯದನ್ನು ಹಿಡಿಯಲೇಬೇಕು, ಹಿಡಿದದ್ದನ್ನು ಹೊರಗೆ ಬಿಡಲೂಬಾರದು. ಅದರಲ್ಲಿ ಚರ್ಚೆಗೆ ಜಾಗವಿಲ್ಲ.

ಜಾಡು (ಹುಣಸೂರು) – 11.58

ಇದರಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯವೇ ಇಲ್ಲ ಅಣ್ಣ. ಮನುಷ್ಯರ ಪ್ರಾಣಕ್ಕೆ ಅಪಾಯವಾದ ಪ್ರಾಣಿಯನ್ನು ಹಿಡಿಯಲು ಅದೇ ಕಾಯ್ದೆಯ 11ನೇ ಸೆಕ್ಷನ್ನಿನಲ್ಲಿ ಅವಕಾಶವಿದೆ. ಪಾಂಡವಪುರದ ಈ ತಾಯಿ ಇಲ್ಲಿಯವರೆಗೆ ಯಾರ ಮೇಲೂ ಬಿದ್ದಿಲ್ಲ. ಗ್ಯಾಂಗಿನವರು ಎರಡು ದಿನ ಅದರ ಮಗ್ಗುಲಲ್ಲೇ ಮಚ್ಚು ಬೀಸಿದ್ದಾರೆ. ನನ್ನ ಮಾತು ಅಷ್ಟಕ್ಕೇ.

ಪಂಪ್‌ಸೆಟ್ (ಮದ್ದೂರು) – 12.20

ಚಿರತೆಯ ವಿಷಯ ಬಂದಾಗಲೆಲ್ಲ ಬೋನಿನ ಸುತ್ತಲೇ ಗಿರಕಿ ಹೊಡೆಯುತ್ತೀರಿ, ಕರೆಂಟಿನ ಮಾತು ಯಾರೂ ಎತ್ತುವುದಿಲ್ಲ. ನಮ್ಮ ಕಡೆ ಗದ್ದೆಗೆ ನೀರೆತ್ತುವ ಪಂಪಿಗೆ ಬೇಕಾದ ತ್ರೀ ಫೇಸ್ ಕರೆಂಟು ಸರದಿಯ ಮೇಲೆ ಒಂದು ವಾರ ಹಗಲು ಬಂದರೆ ಇನ್ನೊಂದು ವಾರ ರಾತ್ರಿ ಹನ್ನೆರಡಕ್ಕೆ ಬರುತ್ತದೆ. ಹನ್ನೆರಡಕ್ಕೆ ಎದ್ದು, ಬದುವಿನ ಮೇಲೆ ನಡೆದು, ಮಡೆ ತಿರುಗಿಸಲು ಬಗ್ಗಿ ಕೂರಬೇಕು. ಬಗ್ಗಿ ಕೂತ ಮನುಷ್ಯ ಕತ್ತಲಲ್ಲಿ ಚಿರತೆಯ ಕಣ್ಣಿಗೆ ಮನುಷ್ಯನಂತೆ ಕಾಣುವುದಿಲ್ಲ, ಕುರಿಯೋ ಕರುವೋ ಕೂತಂತೆ ಕಾಣುತ್ತಾನೆ. ಹೋಗದಿದ್ದರೆ ಬೆಳೆ ಒಣಗುತ್ತದೆ, ಹೋದರೆ ಇದು. ಅತ್ತ ದರಿ, ಇತ್ತ ಪುಲಿ ಎಂಬ ಗಾದೆಯನ್ನು ನಾವು ಬಾಯಿಪಾಠ ಮಾಡಬೇಕಾಗಿಲ್ಲ, ದಿನವೂ ಅನುಭವಿಸುತ್ತೇವೆ. ಚಿರತೆ ಓಡಾಡುವ ಊರುಗಳಿಗೆ ಹಗಲು ಹೊತ್ತು ಕರೆಂಟು ಕೊಡಿ ಎಂದು ಮನವಿ ಹಿಡಿದು ಹೋದರೆ, ಕಚೇರಿಯ ಮಹಾಶಯರೊಬ್ಬರು ಚಿರತೆಯ ಫೋಟೊ ಲಗತ್ತಿಸಿ ಎಂದರು.

ಹೆಬ್ಬಾಳ ಲ್ಯಾಪ್‌ಟಾಪ್ (ಮೈಸೂರು) – 12.31

ಬೆಳಿಗ್ಗೆ ತಮಾಷೆ ಮಾಡಿದ್ದಕ್ಕೆ ಕ್ಷಮೆ ಇರಲಿ. ರಾತ್ರಿ ನೀರು ಕಟ್ಟುವ ವಿಷಯ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಬೆಟ್ಟದ ಪಾದ (ಲಲಿತಾದ್ರಿಪುರ) – 12.50

ನಗರದ ಕಡೆಯ ತಪ್ಪನ್ನೂ ಹೇಳಿಬಿಡುತ್ತೇನೆ. ನಮ್ಮ ಬಡಾವಣೆಯ ಕೊನೆಯ ಖಾಲಿ ನಿವೇಶನದಲ್ಲಿ ರಾತ್ರೋರಾತ್ರಿ ಕೋಳಿ ಅಂಗಡಿಯ ತ್ಯಾಜ್ಯದ ಮೂಟೆಗಳನ್ನು ಸುರಿದು ಹೋಗುತ್ತಾರೆ. ಮೂಟೆಗೆ ನಾಯಿ, ನಾಯಿಗೆ ಚಿರತೆ. ಆ ನಿವೇಶನದಲ್ಲಿ ಹಿಂದೆ ಮೂವತ್ತು ನಾಯಿಗಳಿದ್ದವು, ಈಗ ಎಂಟೋ ಹತ್ತೋ ಇವೆ. ದೂರು ಕೊಟ್ಟರೆ ಎರಡು ದಿನ ಸ್ವಚ್ಛ, ಮೂರನೆಯ ದಿನ ಮತ್ತೆ ಮೂಟೆ.

ರಿಂಗ್ ರಸ್ತೆ (ಮೈಸೂರು) – 1.02

ಹಾಗಾದರೆ ಬೀದಿನಾಯಿಗಳನ್ನೆಲ್ಲ ತೆಗೆದುಬಿಟ್ಟರೆ ಚಿರತೆ ತಾನಾಗಿಯೇ ಹೋಗುತ್ತದೆ.

ಗೋಡಾಕ್ಟರು (ನಾಗಮಂಗಲ) – 1.20

ಅಷ್ಟು ಸುಲಭವಲ್ಲ. ಕಸ ಹಾಗೇ ಬಿದ್ದಿರುವಾಗ ನಾಯಿಗಳನ್ನು ತೆಗೆದರೆ ಅಕ್ಕಪಕ್ಕದ ನಾಯಿಗಳೂ ಹಂದಿಗಳೂ ಬಂದು ತುಂಬಿಕೊಳ್ಳುತ್ತವೆ. ಒಂದು ವೇಳೆ ಒಮ್ಮೆಗೇ ಎಲ್ಲವನ್ನೂ ತೆಗೆದಿರಿ ಎನ್ನೋಣ. ಹಸಿದ ಚಿರತೆ ಅದೇ ರಾತ್ರಿ ಊರು ಬಿಡುತ್ತದೆಯೇ? ಬಂಡೂರು ಕುರಿ ಅವರ ಕೊಟ್ಟಿಗೆ ಹುಡುಕಿಕೊಂಡು ಹೋಗುತ್ತದೆ. ಮೊದಲು ಕಸ, ಆಮೇಲೆ ಕೊಟ್ಟಿಗೆ, ಆಮೇಲೆ ನಾಯಿ, ಈ ಕ್ರಮದಲ್ಲಿ ಹೋಗಬೇಕು.

ಕೊಟ್ಟಿಗೆಯ ವಿಷಯಕ್ಕೆ ಬಂದರೆ, ಬಹಳ ಜನ ನಾಲ್ಕೂ ಕಡೆ ಗೋಡೆ ಎಬ್ಬಿಸಿ ಮೇಲ್ಗಡೆ ಬಿಟ್ಟುಬಿಡುತ್ತಾರೆ. ಮರ ಹತ್ತುವ ಪ್ರಾಣಿಗೆ ಆರಡಿ ಗೋಡೆ ಯಾವ ಲೆಕ್ಕ? ಒಳಗಿಳಿದ ಮೇಲೆ ಕುರಿಗಳು ಹೊರಗೆ ಓಡಲಾರದೆ ಸುತ್ತಲೂ ನುಗ್ಗಾಡುತ್ತವೆ, ಚಿರತೆ ಸಿಕ್ಕಿದ್ದಕ್ಕೆಲ್ಲ ಬಾಯಿ ಹಾಕುತ್ತದೆ. ಒಂದೇ ರಾತ್ರಿ ನಾಲ್ಕು ಸಾಯುವುದು ಹೀಗೆ. ಮೇಲೂ ಜಾಲರಿ ಬೇಕು, ಬಾಗಿಲಿನ ಅಡಿಯಲ್ಲಿ ಸಂದಿ ಇರಬಾರದು. ಸತ್ತ ಕುರಿಯನ್ನು ಹೂಳುವ ಅವಸರವೂ ಬೇಡ. ಇದ್ದಲ್ಲೇ ಬಿಟ್ಟು, ಫೋಟೊ ತೆಗೆದು, ಮಹಜರು ಮತ್ತು ಮರಣೋತ್ತರ ಪರೀಕ್ಷೆ ಆಗುವವರೆಗೆ ಕಾಯಿರಿ. ಆ ಕಾಗದಗಳಿಲ್ಲದೆ ಪರಿಹಾರದ ಅರ್ಜಿ ಮುಂದೆ ಹೋಗುವುದಿಲ್ಲ.

ಬಂಡೂರು ಕುರಿ (ಮಳವಳ್ಳಿ) – 1.41

ಡಾಕ್ಟರೇ, ಜಾಲರಿಯ ಮಾತು ಒಪ್ಪಿದೆ. ಆ ಘಟನೆಯ ಮೇಲೆ ಹಾಕಿಸಿದೆ, ಅಲ್ಲಿಂದ ಒಂದೂ ಹೋಗಿಲ್ಲ. ಆದರೆ ಅದರ ಖರ್ಚು ನನ್ನ ಜೇಬಿನಿಂದಲೇ ಹೋಯಿತು. ಸತ್ತ ಮೇಲೆ ಪರಿಹಾರ ಕೊಡುವ ಸರ್ಕಾರ ಸಾಯುವ ಮೊದಲೇ ಜಾಲರಿಗೆ ಅರ್ಧ ಹಣ ಕೊಟ್ಟರೆ ಕುರಿಯೂ ಉಳಿಯುತ್ತದೆ, ಚಿರತೆಯ ಮೇಲಿನ ಸಿಟ್ಟೂ ಇಳಿಯುತ್ತದೆ.

ಬಯಲುಸೀಮೆ (ಕೆ.ಆರ್. ಪೇಟೆ) – 2.15

ಸಿಟ್ಟು ಇಳಿಯದಿದ್ದರೆ ಏನಾಗುತ್ತದೆ ಎಂಬುದನ್ನು 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ನೋಡಿದೆವು. ಹಸುವಿನ ಕಳೇಬರಕ್ಕೆ ವಿಷ ಹಾಕಿದ್ದರಿಂದ ಒಂದು ತಾಯಿಹುಲಿಯೂ ನಾಲ್ಕು ಮರಿಗಳೂ ಸತ್ತವು. ಮಾಡಿದವರಿಗೆ ಏಳು ವರ್ಷದವರೆಗೆ ಜೈಲಾಗಬಹುದು, ಆಗಲಿ. ಆದರೆ ಹಸು ಕಳೆದುಕೊಂಡವನ ಮನೆಗೆ ಮೊದಲ ದಿನವೇ ಯಾರಾದರೂ ಹೋಗಿ ಕೂತು ಮಾತಾಡಿದ್ದರೆ ಆ ಐದು ಜೀವ ಉಳಿಯುತ್ತಿದ್ದವೇನೋ ಎಂದು ಅನ್ನಿಸುತ್ತದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ ಜನ ಅರಣ್ಯ ಸಿಬ್ಬಂದಿಯನ್ನೇ ಹುಲಿಯ ಬೋನಿಗೆ ಹಾಕಿ ಬೀಗ ಜಡಿದರು. ಅದು ಸರಿಯೆಂದು ನಾನು ಹೇಳುವುದಿಲ್ಲ, ಆದರೂ ಸುದ್ದಿ ಓದಿದಾಗ ನಮ್ಮ ಊರಿನ ಕಟ್ಟೆಯಲ್ಲಿ ಯಾರೂ ಆಶ್ಚರ್ಯಪಡಲಿಲ್ಲ.

ಕಂಬಳಿ (ಮೇಲುಕೋಟೆ) – 2.50

ಎಲ್ಲರೂ ಚಿರತೆಯನ್ನೇ ಹೇಳುತ್ತಿದ್ದೀರಿ, ತೋಳದ ಸುದ್ದಿಯನ್ನು ಯಾರೂ ಎತ್ತಲಿಲ್ಲ. ನಮ್ಮ ಮೇಲುಕೋಟೆಯ ವನ್ಯಧಾಮ 1974ರಲ್ಲಿ ಆದದ್ದೇ ತೋಳಗಳಿಗಾಗಿ. ನಮ್ಮ ತಾತ ಕುರಿಮಂದೆ ನಿಲ್ಲಿಸಿದಾಗ ಸುತ್ತ ಮುಳ್ಳುಬೇಲಿ ಕಟ್ಟಿ, ನಾಲ್ಕು ಮೂಲೆಗೆ ನಾಲ್ಕು ನಾಯಿ ಬಿಟ್ಟು, ತಾನು ನಡುವೆ ಕಂಬಳಿ ಹೊದ್ದು ಕೂರುತ್ತಿದ್ದ. ವರ್ಷಕ್ಕೆ ಒಂದೆರಡು ಮರಿ ತೋಳದ ಪಾಲು ಎಂದು ಎಣಿಕೆಯಲ್ಲೇ ಬಿಟ್ಟಿರುತ್ತಿದ್ದ. ಇದನ್ನು ಹೇಳಿದರೆ ಈಗಿನ ಹುಡುಗರು ನಗುತ್ತಾರೆ. ಅವನಿಗೆ ಅದು ಧರ್ಮವೂ ಅಲ್ಲ, ದಯೆಯೂ ಅಲ್ಲ, ಬರೀ ಲೆಕ್ಕ.

ಬಂಡೂರು ಕುರಿ (ಮಳವಳ್ಳಿ) – 3.02

ನಿಮ್ಮ ತಾತನ ಕಾಲದ ಮರಿಗೂ ಈಗಿನ ಮರಿಗೂ ಬೆಲೆಯಲ್ಲಿ ಎಷ್ಟು ಅಂತರವಿದೆ ಎಂಬುದೂ ಲೆಕ್ಕವೇ ಅಲ್ಲವೇ, ಯಜಮಾನರೇ?

ಕಂಬಳಿ (ಮೇಲುಕೋಟೆ) – 3.06

ಅದೂ ನಿಜ.

ನಾಲೆಬಯಲು (ಪಾಂಡವಪುರ) – ರಾತ್ರಿ 9.40

ಎಲ್ಲರ ಮಾತನ್ನೂ ಓದಿದೆ, ಊರಿನ ಹಿರಿಯರಿಗೂ ಓದಿ ಹೇಳಿದೆ. ಬೋನಿನ ಅರ್ಜಿಗೆ ಸದ್ಯಕ್ಕೆ ಸಹಿ ಹಾಕಿಲ್ಲ. ಸಂಜೆ ಇಲಾಖೆಯವರು ಬಂದು, ಮರಿಗಳು ಸಿಕ್ಕಿದ ಜಾಗದಲ್ಲೇ ಟೊಮೆಟೊ ತುಂಬುವ ಪ್ಲಾಸ್ಟಿಕ್ ಕ್ರೇಟಿನಲ್ಲಿ ಅವುಗಳನ್ನು ಇಟ್ಟು, ಮೇಲೆ ಸಡಿಲವಾಗಿ ಸೋಗೆ ಮುಚ್ಚಿ, ಎರಡು ಟ್ರ್ಯಾಪ್ ಕ್ಯಾಮೆರಾ ಕಟ್ಟಿ ಹೋದರು. ಮುಟ್ಟುವಾಗ ಕೈಗವಸು ಹಾಕಿಕೊಂಡಿದ್ದರು. ನಮ್ಮ ದನಗಳನ್ನೆಲ್ಲ ಪಡಸಾಲೆಗೆ ಕಟ್ಟಿದ್ದೇವೆ. ಈಗ ನನ್ನ ತಲೆದಿಂಬಿನ ಹತ್ತಿರವೇ ಎಮ್ಮೆ ಮೆಲುಕು ಹಾಕುತ್ತಿದೆ. ಗ್ಯಾಂಗಿನ ಮೇಸ್ತ್ರಿ ಮಾತ್ರ ಸುಮ್ಮನೆ ಕೂತರೆ ಕೂಲಿ ಹುಟ್ಟುವುದಿಲ್ಲ ಎಂದು ಮುನಿಸಿಕೊಂಡಿದ್ದಾನೆ. ಅವನ ಜೊತೆ ಬಂದವರು ಗದ್ದೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಟಾರ್ಪಾಲು ಕಟ್ಟಿಕೊಂಡು, ಎಳೆಯ ಮಕ್ಕಳೊಂದಿಗೆ ಮಲಗುತ್ತಾರೆ. ಅದನ್ನು ಇಲ್ಲಿ ನಾನೂ ಬರೆದಿರಲಿಲ್ಲ, ನೀವೂ ಯಾರೂ ಕೇಳಲಿಲ್ಲ. ಈ ರಾತ್ರಿ ಅವರನ್ನು ನಮ್ಮ ಆಲೆಮನೆಯೊಳಗೆ ಮಲಗಿಸಿದ್ದೇನೆ.

ಹೊಳೆಯಾಚೆ (ತಿ. ನರಸೀಪುರ) – 9.52

ಒಳ್ಳೆಯ ಕೆಲಸ ಮಾಡಿದಿರಿ. ಆಲೆಮನೆಗೆ ಬಾಗಿಲಿದೆಯೇ?

ನಾಲೆಬಯಲು (ಪಾಂಡವಪುರ) – 9.55

ಇಲ್ಲ. ಟ್ರ್ಯಾಕ್ಟರಿನ ಟ್ರೈಲರ್ ಅಡ್ಡ ನಿಲ್ಲಿಸಿದ್ದೇನೆ, ಹೊರಗೆ ಬಲ್ಬು ಉರಿಯುತ್ತಿದೆ.

ಜಾಡು (ಹುಣಸೂರು) – 10.05

ಇನ್ನೊಂದು ಎಚ್ಚರಿಕೆ. ರಾತ್ರಿ ಯಾರೂ ಬೈಕಿನಲ್ಲಿ ನೋಡಲು ಹೋಗದಂತೆ ತಡೆಯಿರಿ. ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು ಎನ್ನುವ ಜನ ನಾವು. ಗುಂಪು ಸೇರಿ, ಕೂಗಿ, ಕಲ್ಲು ತೂರಿದ ಮೇಲೆಯೇ ಬಹಳ ಕಡೆ ಚಿರತೆ ಮೇಲೆರಗಿರುವುದು. ಅರಿವಳಿಕೆ ಮದ್ದು ಹೊಡೆದರೂ ಅದು ಕೂಡಲೇ ಬೀಳುವುದಿಲ್ಲ, ಹತ್ತು ನಿಮಿಷವೋ ಅದಕ್ಕಿಂತ ಹೆಚ್ಚೋ ಬೇಕು. ಆ ಹತ್ತು ನಿಮಿಷದಲ್ಲಿ ಸುತ್ತ ಇನ್ನೂರು ಜನ ನಿಂತಿದ್ದರೆ ಏನಾಗಬಹುದು ಯೋಚಿಸಿ.

ನಾಲೆಬಯಲು (ಪಾಂಡವಪುರ) – ಮಾರನೆಯ ದಿನ, ಬೆಳಿಗ್ಗೆ 7.20

ಕ್ಯಾಮೆರಾ ತೆಗೆದು ತೋರಿಸಿದರು. ರಾತ್ರಿ 11.36ಕ್ಕೆ ತಾಯಿ ಬಂದಿದೆ. ಕ್ರೇಟಿನ ಸುತ್ತ ಎರಡು ಸುತ್ತು ಹಾಕಿ, ಕೂತು, ಬಹಳ ಹೊತ್ತು ನಮ್ಮ ಊರಿನ ಕಡೆಗೇ ನೋಡಿದೆ. ಆಮೇಲೆ ಒಂದು ಮರಿಯ ಕತ್ತು ಕಚ್ಚಿ ಎತ್ತಿಕೊಂಡು ಹೋಗಿದೆ. 12.50ಕ್ಕೆ ಬಂದು ಎರಡನೆಯದನ್ನು ಒಯ್ದಿದೆ. ಕಣ್ಣು ಅಂಟಿಕೊಂಡಿದ್ದ ಮೂರನೆಯದು ಬೆಳಗಿನವರೆಗೂ ಕ್ರೇಟಿನಲ್ಲೇ ಇತ್ತು. ಡಾಕ್ಟರೇ, ಬಲಹೀನವಾದದ್ದನ್ನು ತಾಯಿ ಬಿಟ್ಟುಬಿಡುತ್ತದೆಯೇ?

ಗೋಡಾಕ್ಟರು (ನಾಗಮಂಗಲ) – 7.34

ಬಿಡುವುದೂ ಉಂಟು. ಆದರೆ ಬೆಳಕಾಯಿತೆಂದು ನಿಲ್ಲಿಸಿದ್ದರೆ ಇಂದು ರಾತ್ರಿ ಬಂದೀತು. ಇಲಾಖೆಯವರ ಬಳಿ ವೈದ್ಯರಿದ್ದಾರೆ, ಹಗಲು ಅವರು ನೋಡಿಕೊಳ್ಳಲಿ. ಸಂಜೆ ಅದೇ ಜಾಗದಲ್ಲಿ ಮತ್ತೆ ಇಡಲಿ.

ಕೂಲಿಮಠದ ಮೇಷ್ಟ್ರು (ಶ್ರೀರಂಗಪಟ್ಟಣ) – 8.10

ಮೊಮ್ಮಗಳಿಗೆ ಇದನ್ನು ಓದಿ ಹೇಳಿದೆ. ಮೂರನೆಯದರ ಸುದ್ದಿ ಬರುವವರೆಗೆ ಇಡ್ಲಿ ತಿನ್ನುವುದಿಲ್ಲ ಎಂದು ಕೂತಿದ್ದಾಳೆ. ದಯವಿಟ್ಟು ಬೇಗ ತಿಳಿಸಿ.

ನಾಲೆಬಯಲು (ಪಾಂಡವಪುರ) – ಮೂರನೆಯ ದಿನ, ಬೆಳಿಗ್ಗೆ 6.30

ರಾತ್ರಿ 8.15ಕ್ಕೇ ಬಂದು ಒಯ್ದಿದೆ. ನಾವು ಊಟಕ್ಕೆ ಕೂತಿದ್ದ ಹೊತ್ತು, ಬೀದಿಯಲ್ಲಿ ಇನ್ನೂ ಜನರಿದ್ದರು. ಮೇಷ್ಟ್ರೇ, ಮೊಮ್ಮಗಳಿಗೆ ಹೇಳಿ.

ಹೆಜ್ಜೆ ಗುರುತು ನಾಲೆಯ ಏರಿಯ ಮೇಲೆ ಹೋಗಿ, ಪಕ್ಕದ ಊರಿನ ಕಬ್ಬಿನೊಳಗೆ ಸೇರಿದೆ. ಅದು ನಾಟಿ ಮಾಡಿ ಆರು ತಿಂಗಳಾದ ಕಬ್ಬು, ಕಟಾವಿಗೆ ಇನ್ನೂ ಅಷ್ಟೇ ತಿಂಗಳು ಬೇಕು. ಇಂದು ಬೆಳಿಗ್ಗೆಯೇ ಆ ಊರಿನವರು ಬೋನಿಗೆ ಅರ್ಜಿ ಹಿಡಿದು ಹೊರಟಿದ್ದಾರೆ. ನಮ್ಮ ಊರಿನಲ್ಲಿ ಬೋನು ಬೇಕೇ ಬೇಕು ಎಂದು ಕೂಗಿದವರೇ ಈಗ ಅವರಿಗೆ, ಮರಿ ಇರುವಾಗ ಬೋನು ಇಡಬಾರದು ಕಣ್ರಪ್ಪ ಎಂದು ಬುದ್ಧಿ ಹೇಳುತ್ತಿದ್ದಾರೆ. ಇಲ್ಲಿ ನೀವು ಬರೆದದ್ದನ್ನೆಲ್ಲ ಅವರ ಊರಿನ ಕಟ್ಟೆಯಲ್ಲೂ ಓದಬೇಕೆಂದಿದ್ದೇನೆ. ಕೇಳುತ್ತಾರೋ ಬಿಡುತ್ತಾರೋ ಗೊತ್ತಿಲ್ಲ. ಹಗಲು ಕರೆಂಟಿನ ಮನವಿಗೆ ಎರಡೂ ಊರಿನವರು ಸಹಿ ಹಾಕಿದ್ದೇವೆ. ಪಂಪ್‌ಸೆಟ್ ಅಣ್ಣ, ಈ ಸಲ ಫೋಟೊ ಲಗತ್ತಿಸಿದ್ದೇವೆ.

ಉಳಿದ ಹನ್ನೆರಡು ಗುಂಟೆ ಹಾಗೇ ನಿಂತಿದೆ. ಪರ್ಮಿಟ್ ಅವಧಿ ಶನಿವಾರಕ್ಕೆ ಮುಗಿಯುತ್ತದೆ, ಗ್ಯಾಂಗಿನವರು ನಿನ್ನೆಯೇ ಬೇರೆ ಊರಿಗೆ ಹೋದರು. ಇಷ್ಟು ಚಿಕ್ಕ ತುಂಡಿಗೆ ಬರುವ ಆಳುಗಳು ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.

ಬಯಲುಸೀಮೆ (ಕೆ.ಆರ್. ಪೇಟೆ) – 6.55

ನಮ್ಮ ಗದ್ದೆಯದು ನಾಳೆ ಮಧ್ಯಾಹ್ನ ಮುಗಿಯುತ್ತದೆ, ಮೇಸ್ತ್ರಿಯನ್ನು ಕೇಳಿದೆ. ಬರುತ್ತಾನಂತೆ. ಒಳಗೆ ನಾಲ್ಕನೆಯ ಮರಿ ಇಲ್ಲವೆಂದು ಗಾರ್ಡ್ ಬಂದು ಮೊದಲು ಸುತ್ತಾಡಿ ತೋರಿಸಬೇಕು ಎಂದಿದ್ದಾನೆ.